ಒಂದು ಬಾಣಲೆ, ಐದು ಚಮಚ

ಹಸನ್ ಮತ್ತು ಅವನ ಹೆಂಡತಿ ಇಲ್ಹಾಮ್ ರಜೆಗೆಂದು ಸ್ಪೇನ್ ದೇಶದ ವೆಲೆನ್ಸಿಯಾಕ್ಕೆ ಹೋದವರು ಊರು ನೋಡಿ ಬರಲಿಲ್ಲ, ಹೋಟೆಲ್ ನೋಡಿ ಬಂದರು. ಬಂದ ಮಾರನೆಯ ದಿನವೇ ನನ್ನನ್ನು ಕರೆದು ಫೋನಿನಲ್ಲಿ ಒಂದೊಂದೇ ಚಿತ್ರ ತೋರಿಸಿದರು. ಒಂದು ಕಡೆ ಕರಿಕಲ್ಲಿನ ಮೇಲೆ ಗೋಲಿ ಗಾತ್ರದ ಮೀನಿನ ಉಂಡೆ. ಇನ್ನೊಂದು ಕಡೆ ಗಾಜಿನ ಲೋಟದಲ್ಲಿ ಬರೀ ನೊರೆ. ಮತ್ತೊಂದು ಕಡೆ ಒಂದೇ ಒಂದು ಸೀಗಡಿಗೆ ಇಡೀ ಒಂದು ತಟ್ಟೆ.

"ಇಲ್ಲೆಲ್ಲ ತಿಂಗಳ ಮೊದಲೇ ಹೇಳಿಡಬೇಕು ಶ್ರೀನಾಥಣ್ಣ," ಎಂದ ಹಸನ್.

"ತಿಂಗಳು ಕಾದು ಇಷ್ಟು ತಿನ್ನೂದಾ? ಇದು ದುಡ್ಡು ಹೆಚ್ಚಾದವರ ಉಪವಾಸ," ಎಂದೆ.

ಹಸನ್ ನಕ್ಕ. ಅವನು ಭಟ್ಕಳದವನು. ಅಜ್ಜನ ಕಾಲದಿಂದ ಸೌದಿಯ ಅಲ್ ಖೋಬರಿನಲ್ಲಿ ಅವರದು ಬಟ್ಟೆ ವ್ಯಾಪಾರ. ನನ್ನ ಬಾಯಿ ಎಂಥದ್ದೆಂದು ತಿಳಿದೇ ಅಡುಗೆ ಕೆಲಸ ಕೊಟ್ಟವನು. ನಾನು ಕುಂದಾಪುರದ ಕಡೆಯವನು. ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಸೌಟು ಹಿಡಿದವನು. ಸೌದಿಗೆ ಬಂದ ಮೇಲೆ ಹೆಚ್ಚಿನ ವರ್ಷ ಕಂಪನಿ ಕ್ಯಾಂಪಿನ ಮೆಸ್ಸಿನಲ್ಲಿ ಹಂಡೆಗಟ್ಟಲೆ ದಾಲ್ ಕುದಿಸಿದ್ದೇನೆ. ಅಲ್ಲಿ ಕೆಟ್ಟದಾಗಿದ್ದರೂ ಯಾರೂ ಹೇಳುವುದಿಲ್ಲ, ಚೆನ್ನಾಗಿದ್ದರೂ ಹೇಳುವುದಿಲ್ಲ. ಅಡುಗೆಯವನಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಕೊನೆಯ ಚಿತ್ರ ಬೇರೆ ತರಹ ಇತ್ತು. ಸಮುದ್ರದ ಹತ್ತಿರ ಹಳೆಯ ಬೆಸ್ತರ ಕೇರಿ, ಗೋಡೆಗೆಲ್ಲ ಬಣ್ಣದ ಹೆಂಚು ಅಂಟಿಸಿದ ಪುಟ್ಟ ಮನೆ. ಒಳಗೆ ಮೇಜಿನ ನಡುವೆ ಎರಡು ಹಿಡಿಕೆಗಳಿದ್ದ ಅಗಲವಾದ ಚಪ್ಪಟೆ ಬಾಣಲೆ, ಅದರಲ್ಲಿ ಕೇಸರಿ ಹಾಕಿದ ಅನ್ನ ಮತ್ತು ಕೋಳಿ. ಅದಕ್ಕೆ ಪಾಯೆಯಾ ಎನ್ನುತ್ತಾರಂತೆ. ಹೋಟೆಲಿನ ಒಡತಿ ಅಂಪಾರೊ ಎಂಬ ಹೆಂಗಸು. ಅವಳ ಹೋಟೆಲಿನ ಹೆಸರಲ್ಲೇ ಖೋಬರಿನ ಕಡಲತಡಿಯ ಕಾರ್ನಿಶ್ ರಸ್ತೆಯ ಹತ್ತಿರ ಒಂದು ಹೋಟೆಲ್ ತೆರೆಯುವುದು ಹಸನನ ಆಸೆ. ಅವಳೇ ಬಂದು ರುಚಿ ನೋಡುತ್ತಾಳೆ. ಒಪ್ಪಿದರೆ ಅಡುಗೆಮನೆ ನನ್ನದು. ಒಪ್ಪದಿದ್ದರೆ ಆ ಜಾಗದಲ್ಲಿ ಬರ್ಗರ್ ಅಂಗಡಿ. ಬರ್ಗರಿಗೆ ನನ್ನಂಥವನು ಬೇಡ. ನಾನು ವಾಪಸ್ ಕ್ಯಾಂಪಿನ ಹಂಡೆಗೆ.

"ಅಲ್ಲಿ ತಟ್ಟೆಯೇ ಇಲ್ಲ ಶ್ರೀನಾಥಣ್ಣ, ಎಲ್ಲರೂ ಬಾಣಲೆಯಿಂದಲೇ ತಿನ್ನುವುದು," ಎಂದು ಇಲ್ಹಾಮ್ ಹೇಳಿದ್ದಳು. ಕೇಳಿಸಿತು, ಆದರೆ ನಾನು ನಂಬಲಿಲ್ಲ. ಮನೆಯ ಮಕ್ಕಳು ಹಾಗೆ ತಿನ್ನಬಹುದು, ಫೋಟೋಕ್ಕಾಗಿ ಯಾರಾದರೂ ಹಾಗೆ ಕೂತಿರಬಹುದು. ವಿಮಾನ ಹತ್ತಿ ಬಂದ ದೊಡ್ಡ ಅತಿಥಿಯ ಎದುರು ನಾಲ್ಕು ಜನ ಚಮಚ ಅದ್ದಿದ ಅನ್ನ ಇಡುವುದೇ? ಎಂಜಲು ಎನ್ನುವುದೊಂದು ಬೇಡವೇ?

ಹಸನ್ ಹಿಡಿದಿದ್ದ ಆ ಜಾಗದ ಅಡುಗೆಮನೆಯಲ್ಲೇ ಎರಡು ತಿಂಗಳು ಅಭ್ಯಾಸ ಮಾಡಿದೆ. ಮಾಂಸ ಕತ್ತರಿಸಲು ಅಬ್ದುಲ್ಲ ಕುಂಞಿ ಜೊತೆಗಿದ್ದ. ಅವನು ಉಪ್ಪಳದ ಕಡೆಯ ಬ್ಯಾರಿ. ನನ್ನನ್ನು ಕೆಣಕದೆ ಅವನಿಗೆ ಹೊತ್ತು ಹೋಗದು. ದಿನವೂ ಅವನೂ ಕೆಲಸದವರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ತಿನ್ನುತ್ತಿದ್ದರು. ನಾನು ನನ್ನ ತಟ್ಟೆ ಹಿಡಿದು ಪಕ್ಕಕ್ಕೆ ಹೋಗುತ್ತಿದ್ದೆ.

ಅಂಪಾರೊ ಬಂದದ್ದು ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ. ನನ್ನದೇ ವಯಸ್ಸು, ಕತ್ತರಿಸಿದ ಕೂದಲು, ಮೊಣಕೈ ತನಕ ಮಡಚಿದ ಅಂಗಿಯ ತೋಳು. ಕೈ ನೋಡಿದರೇ ತಿಳಿಯುತ್ತಿತ್ತು, ಬೆಂಕಿಯ ಮುಂದೆ ನಿಂತವಳೆಂದು. ಹಸನ್ ಮತ್ತು ಇಲ್ಹಾಮ್ ಅವಳ ಜೊತೆ ಮೇಜಿಗೆ ಕೂತರು.

ಅನ್ನ ಚೆನ್ನಾಗಿ ಬಂದಿತ್ತು. ತಳದಲ್ಲಿ ಗರಿಗರಿಯಾದ ಪದರವೂ ಹಿಡಿದಿತ್ತು. ನಾನು ಸಟ್ಟುಗದಿಂದ ಎಲ್ಲವನ್ನೂ ಎಬ್ಬಿಸಿದೆ, ಬಟ್ಟಲಿಗೆ ತುಂಬಿ ಬೆಳ್ಳಗಿನ ತಟ್ಟೆಗೆ ಮಗುಚಿದೆ. ಉಪ್ಪಿಟ್ಟು ಕೊಡುತ್ತೇವಲ್ಲ, ಹಾಗೆ. ಮೇಲೆ ಕೊತ್ತಂಬರಿ ಸೊಪ್ಪಿನ ಒಂದು ಎಸಳು. ಇದಕ್ಕಿಂತ ಮರ್ಯಾದೆಯಾಗಿ ಬಡಿಸುವುದು ನನಗೆ ತಿಳಿದಿರಲಿಲ್ಲ.

ಅಂಪಾರೊ ತಟ್ಟೆಯನ್ನು ನೋಡಿದಳು. ಒಂದು ಚಮಚ ತಿಂದಳು. ಬಾಣಲೆ ಎಲ್ಲಿ ಎಂದು ಕೇಳಿ, ಯಾರೂ ಹೇಳುವ ಮೊದಲೇ ಎದ್ದು ಅಡುಗೆಮನೆಗೆ ನುಗ್ಗಿದಳು. ಕೆರೆದು ಬರಿದಾದ ತಳ ನೋಡಿ ಇಂಗ್ಲಿಷಿನಲ್ಲಿ ಏನೋ ಅಂದಳು. ಹಿಂದೆಯೇ ಬಂದ ಹಸನನ ಮುಖ ಇಳಿದುಹೋಯಿತು.

"ಎಂತ ಹೇಳಿದ್ಲು?" ಎಂದೆ.

"ರುಚಿ ಇದೆಯಂತೆ. ಆದರೆ ಇದು ಅವಳ ಹೋಟೆಲಿನ ಊಟ ಅಲ್ಲವಂತೆ. ಆಸ್ಪತ್ರೆಯ ಊಟವಂತೆ."

ನನಗೆ ಸಿಟ್ಟು ನೆತ್ತಿಗೇರಿತು. "ಆಸ್ಪತ್ರೆಯಾ? ಬಂದ ಅತಿಥಿಗೆ ಎಂಜಲು ಕೊಡುವ ಬುದ್ಧಿ ನಮ್ಮೂರಲ್ಲಿಲ್ಲ ಅಂತ ಹೇಳಿ ಅವಳಿಗೆ! ಹೇಳಿ!"

ಎಂಜಲಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ಹಸನ್ ಒದ್ದಾಡಿದ. ಅಬ್ದುಲ್ಲ ಕುಂಞಿ ಕತ್ತಿ ಕೆಳಗಿಟ್ಟು ನಗತೊಡಗಿದ.

"ಎಂಜಲು ಬಿಡಿ ಸಾಹೇಬ್ರೆ, ಇವನ ಕತೆ ಹೇಳಿ. ಸೌದಿಗೆ ಬಂದು ಇಷ್ಟು ವರ್ಷ ಆಯ್ತು, ಒಂದು ದಿನ ನಮ್ಮ ತಟ್ಟೆಗೆ ಕೈ ಹಾಕಿದವನಲ್ಲ ಇವ."

ಹಸನ್ ಅದನ್ನೂ ಹೇಳಿಬಿಟ್ಟ. ಅಂಪಾರೊ ನನ್ನನ್ನೇ ದಿಟ್ಟಿಸಿ ಒಂದು ಮಾತು ಕೇಳಿದಳು. ಹಸನ್ ತಡವರಿಸುತ್ತ ಕನ್ನಡಕ್ಕೆ ತಂದ.

"ಉಳಿದವರ ಬಾಯಿ ಹೊಲಸು ಅಂತಲಾ, ಅಂತ ಕೇಳ್ತಾ ಇದ್ದಾಳೆ."

ಅಬ್ದುಲ್ಲ ಕುಂಞಿಯ ನಗು ನಿಂತಿತು. ಉತ್ತರ ಅವನಿಗೂ ಬೇಕಿತ್ತೆಂದು ಆಗ ತಿಳಿಯಿತು.

"ಅಲ್ಲ," ಎಂದೆ. "ನನ್ನ ಎಂಜಲು ಇನ್ನೊಬ್ಬರಿಗೆ ಮುಟ್ಟಿಸಬಾರದು ಅಂತ ನನ್ನಮ್ಮ ಕಲಿಸಿದ್ದು. ಅದು ಮರ್ಯಾದೆ." ಅಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಅಬ್ದುಲ್ಲ ಕುಂಞಿ ನೋಡುತ್ತಲೇ ಇದ್ದ. "ಬೇರೆಯವರದ್ದು ಮುಟ್ಟಬಾರದು ಅಂತಲೂ ಕಲಿಸಿದ್ರು. ಅದು ಮರ್ಯಾದೆ ಅಲ್ಲ. ಅಭ್ಯಾಸ."

ಹಸನ್ ಹೇಳಿ ಮುಗಿಸುವವರೆಗೆ ಅಂಪಾರೊ ಕೇಳಿದಳು. ಆಮೇಲೆ ನೇತುಹಾಕಿದ್ದ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿದಳು. "ರೈಸ್?" ಎಂದಳು. ಅಕ್ಕಿ ಇತ್ತು.

ಎರಡನೆಯ ಬಾಣಲೆಯನ್ನು ನಾನು ಮಾಡಿದೆ, ಅವಳು ಪಕ್ಕದಲ್ಲಿ ನಿಂತು ಬೈದಳು. ಅನ್ನವನ್ನು ಒಮ್ಮೆ ಕೆದಕಲು ಹೋದೆ, ಕೈಗೆ ಹೊಡೆದಳು. ಮುಚ್ಚಳ ತೆಗೆದುಕೊಂಡೆ, ಕಿತ್ತು ಬಿಸಾಡಿದಳು. ನಾನು ಕುಂದಾಪುರದ ಭಾಷೆಯಲ್ಲಿ ಕೂಗಿದೆ, ಅವಳು ತನ್ನ ಭಾಷೆಯಲ್ಲಿ ಕೂಗಿದಳು. ಹಸನ್ ಕನ್ನಡಕ್ಕೆ ತರುವುದನ್ನೇ ಬಿಟ್ಟ. ಬೇಕಾಗಿಯೂ ಇರಲಿಲ್ಲ. ಉರಿ ಹೆಚ್ಚು, ಉರಿ ಕಡಿಮೆ ಎನ್ನುವುದಕ್ಕೆ ಭಾಷೆ ಯಾತಕ್ಕೆ? ಕೊನೆಗೆ ತಳ ಚಟಪಟ ಎಂದಾಗ ಇಬ್ಬರೂ ಒಟ್ಟಿಗೆ ಬಾಗಿ ಕಿವಿಗೊಟ್ಟೆವು, ಇಬ್ಬರೂ ಒಟ್ಟಿಗೇ ಗ್ಯಾಸ್ ಆರಿಸಲು ಕೈ ಚಾಚಿದೆವು.

ಬಾಣಲೆಯನ್ನು ಅವಳೇ ಎತ್ತಿ ಮೇಜಿನ ನಡುವೆ ಇಟ್ಟಳು. ಐದು ಚಮಚ ಇಟ್ಟಳು. ಅಬ್ದುಲ್ಲ ಕುಂಞಿಯನ್ನೂ ಕರೆದಳು. ನನ್ನತ್ತ ತಿರುಗಿ ಕುರ್ಚಿ ತೋರಿಸಿದಳು.

"ನಾನು ಆಮೇಲೆ ತಿಂತೇನೆ," ಎಂದೆ.

"ಅಡುಗೆಯವನು ಬಾಣಲೆಗೆ ಕೂರದಿದ್ದರೆ ಅವಳು ಒಪ್ಪಂದದ ಕಾಗದಕ್ಕೆ ಸಹಿ ಹಾಕುವುದಿಲ್ಲವಂತೆ," ಎಂದಳು ಇಲ್ಹಾಮ್ ಮೆಲ್ಲಗೆ.

ಕ್ಯಾಂಪಿನ ಹಂಡೆ ಕಣ್ಣ ಮುಂದೆ ಬಂದದ್ದು ನಿಜ. ಆದರೆ ಕುರ್ಚಿ ಎಳೆದದ್ದು ಅದಕ್ಕಲ್ಲ. ಅಬ್ದುಲ್ಲ ಕುಂಞಿ ಚಮಚ ಮುಟ್ಟದೆ ನನಗಾಗಿ ಕಾಯುತ್ತಿದ್ದ.

ಕೂತೆ. ಅಂಪಾರೊ ಚಮಚದ ತುದಿಯಿಂದ ಅನ್ನದ ಮೇಲೆ ಗೆರೆ ಎಳೆದಳು. ಅಂಚಿನಿಂದ ನಡುವಿನವರೆಗೆ ಒಬ್ಬೊಬ್ಬರಿಗೆ ಒಂದೊಂದು ಪಾಲು. ಒಬ್ಬರು ಇನ್ನೊಬ್ಬರ ಗೆರೆ ದಾಟಬಾರದು, ಅದು ಅವಳೂರಿನ ಕಟ್ಟುನಿಟ್ಟು. ಇಷ್ಟು ಶಿಸ್ತು ಇದೆಯೆಂದು ಮೊದಲೇ ತಿಳಿದಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಅಂಚಿನ ಅನ್ನ ತಿಂದೆ. ಕೆಳಗಿನ ಪದರ ಹಲ್ಲಿಗೆ ಕರುಂ ಎಂದಿತು. ನಾನೇ ಮಾಡಿದ್ದು, ಆದರೂ ಇಂಥದ್ದು ನಾನು ತಿಂದಿರಲಿಲ್ಲ.

ಅಷ್ಟರಲ್ಲಿ ಅಬ್ದುಲ್ಲ ಕುಂಞಿ ತನ್ನ ಪಾಲಿನ ದಪ್ಪ ಕೋಳಿಕಾಲನ್ನು ಚಮಚದಿಂದ ನೂಕಿ ನನ್ನ ಗೆರೆಯೊಳಗೆ ತಂದಿಟ್ಟ. ಅವರ ಕಡೆ ಹಾಗೇ, ಒಳ್ಳೆಯ ತುಂಡು ಪಕ್ಕದವನಿಗೆ. ಅಂಪಾರೊ ಟಪ್ಪನೆ ಅವನ ಚಮಚಕ್ಕೆ ಹೊಡೆದಳು.

"ಎಂತ ಹೆಂಗಸು ಮಾರಾಯ! ಕೊಡೂದಕ್ಕೂ ಬಿಡುದಿಲ್ಲ!"

ಕೋಳಿಕಾಲು ನನ್ನ ಮುಂದೆ ಇತ್ತು, ಅವನ ಚಮಚ ತಾಗಿದ್ದು. ಎಲ್ಲರೂ ನೋಡುತ್ತಿದ್ದರು. ನಾನು ಅದನ್ನು ಕೈಯಲ್ಲೇ ಎತ್ತಿ ಕಚ್ಚಿದೆ.

"ಉಪ್ಪು ಸ್ವಲ್ಪ ಕಡಿಮೆ," ಎಂದೆ. ಅಬ್ದುಲ್ಲ ಕುಂಞಿ ಉಪ್ಪಿನ ಡಬ್ಬಿಯನ್ನು ನನ್ನತ್ತ ಸರಿಸಿದ. ಅವನು ನನ್ನನ್ನು ಕೆಣಕದೆ ಬಿಟ್ಟದ್ದು ಅದೇ ಮೊದಲು.

ಅಂಪಾರೊ ಹಸನನ ಕಡೆ ನೋಡಿ ಒಪ್ಪಿಗೆಯೆಂದು ತಲೆಯಾಡಿಸಿದಳು. ಇಲ್ಹಾಮ್ ಕಣ್ಣೊರೆಸಿಕೊಂಡಳು. ಆಮೇಲೆ ಅಂಪಾರೊ ನನ್ನನ್ನು ಕೇಳಿದ್ದು ಕಟ್ಟಿಗೆಯ ವಿಷಯ. ಗ್ಯಾಸ್ ಸಾಲದು, ತನ್ನಲ್ಲಿ ಕಿತ್ತಳೆ ಮರದ ಕಟ್ಟಿಗೆ, ಇಲ್ಲಿ ಏನು ಸಿಗುತ್ತದೆ?

"ಸಮ್ರ್ ಅನ್ನುವ ಜಾಲಿ ಮರದ್ದು ಸಿಗ್ತದೆ. ಅರಬರು ಮಾಂಸ ಸುಡುವುದು ಅದರಲ್ಲೇ," ಎಂದೆ.

ಅದರ ಹೊಗೆ ಖಾರ ಎಂದಳಂತೆ.

"ಉರಿಸಿ ನೋಡದೆ ಹೇಗೆ ಹೇಳ್ತಾಳೆ? ನಾಳೆ ಬರಲಿಕ್ಕೆ ಹೇಳಿ, ತೋರಿಸ್ತೇನೆ."

ಅವಳು ಬೆರಳು ಅಲ್ಲಾಡಿಸಿ ಜೋರಾಗಿ ವಾದಕ್ಕಿಳಿದಳು. ನಾನೂ ಬಿಡಲಿಲ್ಲ.