ಬೆಳ್ಳಿ ನಡೆದು ಬಂದ ದಾರಿ

ದೊಡ್ಡಮಳೂರಿನ ಸಿದ್ದಮ್ಮನ ಗಂಟಲು ಸಾಮಾನ್ಯದ್ದಲ್ಲ. ಹಿತ್ತಲಲ್ಲಿ ನಿಂತು ಕೂಗಿದರೆ ಹಿಪ್ಪುನೇರಳೆ ತೋಟದ ಆ ತುದಿಯಲ್ಲಿ ಮಗ ದಾಸಪ್ಪ ಕುಡುಗೋಲು ಕೆಳಗಿಡುತ್ತಿದ್ದ. ಅಂಥವಳು ಆ ಮಂಗಳವಾರ ಸಂಜೆ ಸೊಸೆಯ ಪಕ್ಕದಲ್ಲಿ ನಡೆಯುತ್ತ, "ಬೆಳ್ಳೀ, ಪುಸ್ ಪುಸ್" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಲಿಲ್ಲ. ಹೇಗೆ ಕೇಳಿಸೀತು? ಬೆಕ್ಕು ಆ ಬೀದಿಯಲ್ಲಿ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಅದನ್ನು ಗೋಣಿಚೀಲಕ್ಕೆ ತುಂಬಿ, ಬಸ್ಸಿನಲ್ಲಿ ಒಯ್ದು, ರಾಮನಗರದಲ್ಲಿ ಹೊಳೆಯಾಚೆ ಬಿಟ್ಟು ಬಂದವಳು ಅವಳೇ.

ಸೊಸೆ ಮುನಿರತ್ನಮ್ಮನಿಗೆ ಆಗ ಏಳು ತಿಂಗಳು. ಹಿಂದೆ ಎರಡು ಸಲ ಬಸಿರಾಗಿ, ಎರಡೂ ಸಲ ನಿಲ್ಲದೆ ಹೋಗಿತ್ತು. ತಾಯಿಯಿಲ್ಲದ ಹುಡುಗಿ. ಹೆರಿಗೆಗೆ ನನ್ನ ಮನೆಗೆ ಬಾ ಎಂದು ತಿಪ್ಪಸಂದ್ರದ ಅಕ್ಕ ಎಷ್ಟು ಕರೆದರೂ, "ಬ್ಯಾಡ ಕಣಕ್ಕ, ನಮ್ಮತ್ತೆ ಕೈಲೇ ಆಗ್ಲಿ" ಅಂದುಬಿಟ್ಟಿದ್ದಳು. ಆ ಮಾತನ್ನು ಸಿದ್ದಮ್ಮ ಅರ್ಧ ಊರಿಗೆ ಹೇಳಿಕೊಂಡು ತಿರುಗಿದ್ದಳು. ಮೊಮ್ಮಗುವನ್ನು ಮೊದಲು ಎತ್ತಿಕೊಳ್ಳುವ ಕೈ ತನ್ನದು ಎಂಬ ಜಂಬ ಅವಳಿಗೆ.

ಆಮೇಲೆ ಒಂದು ದಿನ ನಲ್ಲಿಯ ಹತ್ತಿರ ಎದುರುಮನೆ ಚಿನ್ನಮ್ಮ ಬಾಯಿ ಬಿಟ್ಟಳು. "ಎರಡು ಬಸಿರು ಹೋದಾಗ್ಲೂ ಆ ಬೆಕ್ಕು ಅವಳ ಮಡ್ಲಲ್ಲೇ ಬಿದ್ದಿರ್ತಿತ್ತು. ನೀನೇ ಒಸಿ ಯೋಚ್ನೆ ಮಾಡು ಸಿದ್ದಕ್ಕ." ಚಿನ್ನಮ್ಮನಿಗೇನು, ಹೇಳಿ ಕೊಡ ತುಂಬಿಸಿಕೊಂಡು ಹೋದಳು. ಸಿದ್ದಮ್ಮನಿಗೆ ಆವತ್ತಿನಿಂದ ಅನ್ನ ಸೇರಲಿಲ್ಲ. ಬೆಳ್ಳಿ ಮನೆಯಲ್ಲಿರುವಷ್ಟು ದಿನ ಈ ಕೂಸೂ ದಕ್ಕುವುದಿಲ್ಲ ಎಂದು ತಲೆಯಲ್ಲಿ ಕೂತುಬಿಟ್ಟಿತು. ಬೆಕ್ಕನ್ನು ಕೊಂದರೆ ಪಾಪ. ಹೊಳೆ ದಾಟಿಸಿ ಬಿಟ್ಟರೆ ತಿರುಗಿ ಬರುವುದಿಲ್ಲ, ಪಾಪವೂ ತಟ್ಟುವುದಿಲ್ಲ ಎನ್ನುವುದು ಊರಿನ ಲೆಕ್ಕಾಚಾರ. ನಮ್ಮ ಜನ ಪಾಪದ ವಿಷಯದಲ್ಲಿ ಭಾರಿ ಬುದ್ಧಿವಂತರು.

ಮಂಗಳವಾರ ಗಂಡ ಹೆಂಡತಿ ತಪಾಸಣೆಗೆಂದು ಚನ್ನಪಟ್ಟಣದ ಆಸ್ಪತ್ರೆಗೆ ಹೋಗಿದ್ದರು. ಸಿದ್ದಮ್ಮ ಒಲೆಯ ಮುಂದೆ ಮಲಗಿದ್ದ ಬೆಳ್ಳಿಯನ್ನು ಹಿಡಿದಳು. ಬಿಳಿ ಮೈ, ಕರಿ ಬಾಲ, ಯಾರು ಎತ್ತಿಕೊಂಡರೂ ಸುಮ್ಮನಿರುವ ಬೆಕ್ಕು. ಚೀಲಕ್ಕೆ ಇಳಿಸುವಾಗ ಹೊಟ್ಟೆಯ ಅಡಿಯಲ್ಲಿ ಕೈ ಕೊಟ್ಟಳು. ಮೊನ್ನೆಯವರೆಗೆ ಉಬ್ಬಿದ್ದ ಹೊಟ್ಟೆ ಜೋತುಬಿದ್ದಿತ್ತು, ಅಂಗೈ ಒದ್ದೆಯಾಯಿತು. ನೋಡಿದರೆ ಹಾಲು. ಎಲ್ಲೋ ಮರಿ ಹಾಕಿದೆ ಎಂದು ಸಿದ್ದಮ್ಮನಿಗೆ ಆ ಗಳಿಗೆಯಲ್ಲೇ ತಿಳಿಯಿತು. ನಾಲ್ಕು ಹೆತ್ತು ಮೂರನ್ನು ಮಣ್ಣು ಮಾಡಿದ ಹೆಂಗಸು ಅವಳು, ತಿಳಿಯದೆ ಇರುತ್ತದೆಯೇ? ಕೈ ಒಂದು ಕ್ಷಣ ನಿಂತಿತು. ಈಗ ಬಿಟ್ಟರೆ ಇನ್ನು ಕೈಲಾಗುವುದಿಲ್ಲ ಅಂದುಕೊಂಡಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಚೀಲದ ಬಾಯಿ ಕಟ್ಟಿದಳು.

ಬಿಡುವುದಕ್ಕೂ ಒಳ್ಳೆಯ ಜಾಗವನ್ನೇ ಹುಡುಕಿದಳು, ಪಾಪ. ರೇಷ್ಮೆ ಬಿಚ್ಚುವ ಒಂದು ಶೆಡ್ಡಿನ ಹಿಂದೆ, ಗೂಡಿನಿಂದ ಬಂದ ಬೆಂದ ಹುಳುಗಳ ರಾಶಿಯ ಪಕ್ಕ. ಇಲ್ಲಿ ಉಪವಾಸ ಬೀಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬಸ್ಸು ಹತ್ತಿದಳು.

ಮುನಿರತ್ನಮ್ಮ ಆ ಸಂಜೆ ಆರು ಬೀದಿ ಸುತ್ತಿದಳು. ದೇವಸ್ಥಾನದ ಹಿಂಭಾಗ, ಹುಲ್ಲಿನ ಮೆದೆಗಳ ಸಂದು, ಒಂದೂ ಬಿಡಲಿಲ್ಲ. "ಏಳು ತಿಂಗಳ ಬಸುರಿ, ಕೂತ್ಕೊ ಕಣವ್ವ, ಬತ್ತದೆ" ಎಂದು ಸಿದ್ದಮ್ಮ ಅಂದರೆ, "ಅದು ಮನೆ ಬುಟ್ಟು ಹೋಗೋದಲ್ಲ ಅತ್ತೆ, ಏನೋ ಆಗೈತೆ" ಎಂದು ಮತ್ತೆ ಮುಂದಿನ ಮನೆಯ ಬಾಗಿಲಿಗೆ ಹೋಗುತ್ತಿದ್ದಳು.

ಬುಧವಾರ ಬೆಳಿಗ್ಗೆ ರೇಷ್ಮೆ ಸಾಕುವ ಹುಳುಮನೆಯಿಂದ ಸಣ್ಣ ದನಿ ಕೇಳಿತು. ಗೋಡೆಗೆ ಒರಗಿಸಿಟ್ಟ, ಹುಳು ಗೂಡು ಕಟ್ಟುವ ಬಿದಿರು ಚಂದ್ರಿಕೆಗಳ ಹಿಂದೆ ಮೂರು ಮರಿ. ಕಣ್ಣೂ ಬಿಟ್ಟಿರಲಿಲ್ಲ. ಮುನಿರತ್ನಮ್ಮ ಅವನ್ನು ಹಳೇ ಸೀರೆಯ ಚೂರಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು, ಹತ್ತಿಯ ಬತ್ತಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಳು. ಹಾಲು ಗಲ್ಲದ ಮೇಲೆಲ್ಲ ಹರಿಯಿತೇ ಹೊರತು ಒಳಗೆ ಹೋಗಲಿಲ್ಲ. "ಇವುಕ್ಕೆ ಅವ್ವನೇ ಬೇಕು ಅತ್ತೆ," ಎಂದು ಅತ್ತಳು. "ಬೆಳ್ಳಿ ಬರ್ದಿದ್ರೆ ಮೂರೂ ಹೋಯ್ತವೆ."

ಆಗಲೇ ಎದ್ದು ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು ಸಿದ್ದಮ್ಮ. ಹಿಡಿಯಲಿಲ್ಲ. ಎಲ್ಲಿಗೆ ಹೊರಟಿರಿ ಎಂದರೆ ಏನು ಹೇಳುವುದೆಂಬ ಹೆದರಿಕೆ. ಗುರುವಾರ ಬೆಳಿಗ್ಗೆ ಒಂದು ಮರಿ ತಣ್ಣಗಾಗಿತ್ತು. ಅದನ್ನು ಮಣ್ಣು ಮಾಡುವಾಗ ಸೊಸೆಯ ಮುಖ ನೋಡಿದಳು ನೋಡಿ, ಅಲ್ಲಿಗೆ ಹೆದರಿಕೆಯೂ ಹೋಯಿತು. "ಚನ್ನಪಟ್ಟಣದ ಕಡೆ ಒಂದ್ಸಲ ಹುಡುಕ್ಕೊಂಡು ಬತ್ತೀನಿ" ಎಂದು ಹೊರಟಳು. ಬೆಳ್ಳಿಯನ್ನು ಹಿಡಿದು ತಂದು ಉಳಿದ ಎರಡರ ಮುಂದೆ ಬಿಟ್ಟರೆ ಸಾಕು, ಆಮೇಲೆ ಯಾರು ಏನಾದರೂ ಅನ್ನಲಿ.

ರಾಮನಗರದ ಶೆಡ್ಡಿನ ಹಿಂದೆ ಬೆಕ್ಕಿರಲಿಲ್ಲ. ನೂಲು ಬಿಚ್ಚುತ್ತಿದ್ದ ಫಿರೋಜಾ ಎಂಬ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಬಿಳೀದು, ಕರಿ ಬಾಲದ್ದು ತಾನೆ? ಮಂಗಳವಾರ ಬಂದಿತ್ತಮ್ಮ. ಹುಳ ಹಾಕಿದೆ, ಮೂಸಿ ಕೂಡ ನೋಡಲಿಲ್ಲ. ಒಂದೇ ಸಮ ಕೂಗ್ತಾ ಸೇತುವೆ ಮೇಲೆ ಹೋಗಿಬಿಟ್ತು. ಚನ್ನಪಟ್ಟಣದ ರೋಡಿಗೆ."

ಸಿದ್ದಮ್ಮ ಬಸ್ಸು ಹತ್ತಲಿಲ್ಲ. ಬೆಕ್ಕು ನಡೆದ ದಾರಿಯಲ್ಲೇ ತಾನೂ ನಡೆದಳು. ಮೂರು ಹರದಾರಿ ದೂರ, ತಲೆಯ ಮೇಲೆ ಬಿಸಿಲು, ಪಕ್ಕದಲ್ಲಿ ಮೈಸೂರಿಗೆ ಹೋಗುವ ಲಾರಿಗಳು. ಮೋರಿ ಸಿಕ್ಕಲ್ಲೆಲ್ಲ ಬಗ್ಗಿ ನೋಡಿದಳು. ಈಗ ಅವಳ ಗಂಟಲು ತಿರುಗಿ ಬಂದಿತ್ತು. "ಬೆಳ್ಳೀ" ಎಂದರೆ ಹೊಲದಲ್ಲಿದ್ದವರು ತಲೆಯೆತ್ತಿ ನೋಡುತ್ತಿದ್ದರು. ಮುದುಕಿಗೆ ಮಂಡೆ ಕೆಟ್ಟಿದೆ ಅಂದುಕೊಂಡವರೂ ಇದ್ದಾರು. ಅನ್ನಲಿ ಬಿಡಿ.

ಚನ್ನಪಟ್ಟಣ ಇನ್ನೇನು ಬಂತು ಅನ್ನುವಲ್ಲಿ ರಸ್ತೆ ಬದಿಗೆ ಬೊಂಬೆ ಅಂಗಡಿಗಳ ಸಾಲು. ಮೊದಲನೆಯ ಅಂಗಡಿಯ ಮೆಹಬೂಬ್ ಅವಳನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟ ಮೇಲೆಯೇ ಮಾತಾಡಿದ.

"ನಿನ್ನೆ ಸಂಜೆ ಲಾರಿಗೆ ಸಿಕ್ತು ಅಮ್ಮ. ಅಂಗಡಿ ಹಿಂದೆ ಗುಂಡಿ ತೋಡಿ ಮುಚ್ಚಿದ್ವಿ." ಲೋಟಕ್ಕೆ ಇನ್ನಷ್ಟು ನೀರು ಹಾಕಿ ಮತ್ತೆ ಹೇಳಿದ, "ಎತ್ತುವಾಗ ನೋಡಿದ್ವಿ, ಮೊಲೆ ತುಂಬಾ ಹಾಲು. ಇಲ್ಲೇ ಎಲ್ಲೋ ಮರಿ ಇರ್ಬೇಕು ಅಂತ ನಾನೂ ನನ್ ಹೆಂಡ್ತೀನೂ ಬ್ಯಾಟರಿ ಹಿಡ್ಕೊಂಡು ಬೇಲಿ, ಸೌದೆ ರಾಶಿ ಎಲ್ಲಾ ಹುಡುಕಿದ್ವಿ. ಒಂದೂ ಸಿಗ್ಲಿಲ್ಲ."

ಸಿದ್ದಮ್ಮ ಆ ಬೆಂಚಿನ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನಿನ್ನೆ ಮಧ್ಯಾಹ್ನದ ಬಸ್ಸಿಗೆ ಬಂದಿದ್ದರೆ ಈ ದಾರಿಯಲ್ಲೇ ಜೀವಂತ ಸಿಗುತ್ತಿತ್ತು. ಯಾರೋ ಏನೋ, ಹೆಸರೂ ಗೊತ್ತಿಲ್ಲದವರು ಆ ಮರಿಗಳಿಗಾಗಿ ಬೇಲಿ ಬೇಲಿ ತಡಕಿದ್ದಾರೆ. ಹಾಲು ಮುಟ್ಟಿ ನೋಡಿದ ತಾನೋ, ಚೀಲದ ಬಾಯಿ ಕಟ್ಟಿದ್ದಳು. ಮೆಹಬೂಬ್ ಬಸ್ಸು ನಿಲ್ಲಿಸಿ ಅವಳನ್ನು ಹತ್ತಿಸಿ ಕಳಿಸಿದ.

ಮನೆಗೆ ಬಂದಾಗ ಬುಟ್ಟಿಯಲ್ಲಿ ಒಂದೇ ಮರಿ ಉಳಿದಿತ್ತು. ಮುನಿರತ್ನಮ್ಮ ಬತ್ತಿ ಹಿಡಿದು ಕೂತಿದ್ದಳು. ಸಿದ್ದಮ್ಮ ಹೊಸಿಲಲ್ಲೇ ಕೂತು ಚೀಲದಿಂದ ಲಾರಿಯವರೆಗೆ ಎಲ್ಲವನ್ನೂ ಹೇಳಿದಳು. ಸೊಸೆ ಬತ್ತಿಯನ್ನು ಕೆಳಗಿಟ್ಟಳು. ಕೊನೆಗೆ ಕಣ್ಣೊರೆಸಿಕೊಂಡು, "ಮರಿ ಹಾಕೈತೆ ಅಂತ ನಿಮ್ಗೇನು ಗೊತ್ತಿತ್ತು ಅತ್ತೆ. ನನ್ ಮಗೀಗೋಸ್ಕರ ಮಾಡಿದ್ರಿ. ಬುಡಿ, ಅಳ್ಬ್ಯಾಡಿ" ಅಂದಳು.

ಅಲ್ಲಿಗೆ ಸುಮ್ಮನಾಗಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ಸಮಾಧಾನದ ಮಾತು ಸಿದ್ದಮ್ಮನನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

"ಗೊತ್ತಿತ್ತು ಕಣವ್ವ," ಅಂದಳು. "ಹಿಡಿವಾಗ ಕೈಗೆ ಹಾಲು ತಾಕ್ತು."

"ಗೊತ್ತಿದ್ದೂ ಕಟ್ಟಿದ್ರಾ?"

"ಊಂ."

ಮುನಿರತ್ನಮ್ಮ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮಾರನೆಯ ದಿನ ಗಂಡನ ಕೈಲಿ ಅಕ್ಕನಿಗೆ ಹೇಳಿ ಕಳಿಸಿದಳು. ಊಟಕ್ಕೆ ಬಡಿಸಿದಳು, ಕರೆದರೆ ಓ ಅಂದಳು, ಎಲ್ಲ ಎಂದಿನ ಹಾಗೆಯೇ. ಭಾನುವಾರ ಅಕ್ಕ ಬಂದಾಗ ಸೀರೆ ಗಂಟು ಕಟ್ಟಿ ಆಗಿತ್ತು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, "ಹೆರಿಗೆ ಮುಗಿಸ್ಕೊಂಡು ಬತ್ತೀನಿ ಅತ್ತೆ" ಅಂದಳು. ಸಿದ್ದಮ್ಮ ತುಪ್ಪದ ಡಬ್ಬಿ, ಹುರಿಹಿಟ್ಟು ಎಲ್ಲ ಕೊಟ್ಟು ಬಸ್ಸಿನವರೆಗೆ ಬಂದಳು.

ಮರಿಯಿದ್ದ ಬುಟ್ಟಿ ಸೊಸೆಯ ಕಂಕುಳಲ್ಲಿತ್ತು. ಬಸ್ಸು ದೂರದಲ್ಲಿ ಕಂಡಾಗ ಸಿದ್ದಮ್ಮ ಎರಡೂ ಕೈ ಮುಂದೆ ಚಾಚಿದಳು.

"ಇದನ್ನಾರ ಬುಟ್ಟೋಗವ್ವ. ಬಸ್ಸಲ್ಲಿ ನಿಂಗೂ ಕಷ್ಟ. ಹೊತ್ತೊತ್ತಿಗೆ ಹಾಲು ಕುಡಿಸಿ ನಾನು ಜ್ವಾಪಾನ ಮಾಡ್ತೀನಿ."

ಮುನಿರತ್ನಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಿದ್ದಮ್ಮನಿಗೆ ಎದುರು ಮಾತು ಬರುತ್ತಿತ್ತು. "ಬ್ಯಾಡಿ ಅತ್ತೆ" ಎಂದು ಮೆಲ್ಲಗೆ ಹೇಳಿ, ಚಾಚಿದ ಆ ಕೈಗಳಿಗೆ ಸಿಗದ ಹಾಗೆ ಬುಟ್ಟಿಯನ್ನು ಆಚೆ ಕಂಕುಳಿಗೆ ಬದಲಾಯಿಸಿಕೊಂಡಳು.