ಇನ್ನು ಮೂವತ್ತೊಂದು ಪುಟ

ತ್ರಾಸಿಯ ಕಡಲಿನೆದುರು ಇರುವ ಒಂದು ಲಾಡ್ಜಿನಲ್ಲಿ ಕೋಣೆ ಗುಡಿಸಿ, ಹಾಸಿಗೆ ಬದಲಿಸುವ ಕೆಲಸ ವಿನಯಾಳದು. ವಯಸ್ಸು ಮೂವತ್ತಾರು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಎರಡು ಸಲ ಕೈಕೊಟ್ಟ ಮೇಲೆ ಓದು ಬಿಟ್ಟವಳು. ಅಂಥವಳು ಆರುನೂರ ಹನ್ನೆರಡು ಪುಟದ ಇಂಗ್ಲಿಷ್ ಕಾದಂಬರಿಗೆ ಮನಸ್ಸು ಕೊಟ್ಟುಬಿಟ್ಟಳು.

ಪುಸ್ತಕ ಸಿಕ್ಕಿದ್ದು ಏಳನೇ ನಂಬರ್ ಕೋಣೆಯ ಮಂಚದಡಿ. ಮುಖಪುಟದಲ್ಲಿ ರೆಕ್ಕೆಯಿರುವ ಒಬ್ಬ ಗಂಡಸು, ಅವನ ಕುತ್ತಿಗೆಗೆ ಕತ್ತಿ ಹಿಡಿದ ಒಬ್ಬಳು ಹುಡುಗಿ. ಮ್ಯಾನೇಜರ್ ರಾಜೇಂದ್ರ ಬಿಟ್ಟುಹೋದವರಿಗೆ ಎರಡು ಸಲ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಮೂರು ತಿಂಗಳು ಕಪಾಟಿನಲ್ಲಿಟ್ಟು, ಕೊನೆಗೆ, "ಇನ್ ಯಾರ್ ಬತ್ರ್? ಬೇಕಾರೆ ನೀನೇ ತಕೊ" ಎಂದ.

ಮೊದಲ ಪುಟಕ್ಕೇ ಅವಳಿಗೆ ಎರಡು ದಿನ ಹಿಡಿಯಿತು. ಒಂದೊಂದು ಶಬ್ದವನ್ನೂ ಫೋನಿನಲ್ಲಿ ಹುಡುಕಿ, ಅರ್ಥವನ್ನು ಅಲ್ಲೇ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಬರೆದಳು. ರೆಕ್ಕೆಯವರ ಹೆಸರಿಗೆ ಫೋನು 'ಯಕ್ಷಿಣಿ' ಎಂದಿತು. ಅದನ್ನು ಕೇಳಿಸಿಕೊಂಡ ಅಮ್ಮ ಚಂದ್ರಮತಿ ಬೆಚ್ಚಿದಳು.

"ಮೂರ್ಸಂಜಿ ಹೊತ್ತಿಗ್ ಯಕ್ಷಿಣಿ ಕಥಿ ಎಂತಕ್ಕೆ ಹೆಣೆ?"

"ಇದ್ ಹೆದ್ರಿಸುದ್ ಅಲ್ಲಮ್ಮ. ಯಕ್ಷಗಾನ ಆಟದಲ್ ಗಂಧರ್ವ ಬತ್ತ ಅಲ್ದಾ, ಆ ನಮೂನಿಯವ್ರ್."

ಅಂದಿನಿಂದ ಅವಳ ಪೆನ್ಸಿಲ್ ಅವರನ್ನು ಗಂಧರ್ವರೆಂದೇ ಬರೆಯಿತು.

ಕಥೆ ಹೀಗಿತ್ತು. ಉಪ್ಪು ಮಾಡುವವರ ಮಗಳು ಮಾರ್ವಾ ಗಂಧರ್ವರ ಕಾಡಿನಲ್ಲಿ ಒಂದು ಹೂ ಕೀಳುತ್ತಾಳೆ. ಆ ತಪ್ಪಿಗೆ ಏಳು ವರ್ಷ ಅವರ ಅರಮನೆಯಲ್ಲಿ ನೆಲ ಒರೆಸಬೇಕು. ಅಲ್ಲಿನ ರಾಜಕುಮಾರ ಕೆಸ್ರಿನ್. ಗಂಧರ್ವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲು ಇಷ್ಟವಿಲ್ಲದ್ದಕ್ಕೆ ಸುಮ್ಮನಿರುತ್ತಾರೆ, ಅಷ್ಟೆ. ನಲವತ್ತನೇ ಪುಟದಲ್ಲಿ ಕೆಸ್ರಿನ್ ಮೆಟ್ಟಿಲಿಳಿದು ಬಂದು, ಒದ್ದೆ ಬಟ್ಟೆ ಹಿಡಿದು ನಿಂತ ಹುಡುಗಿಯ ಹೆಸರು ಕೇಳುತ್ತಾನೆ. ಆ ಮನೆಯಲ್ಲಿ ಅವಳ ಹೆಸರು ಕೇಳಿದ ಮೊದಲಿಗ ಅವನೇ.

ಆ ಸಾಲು ಓದಿದಾಗ ವಿನಯಾ ಲಾಡ್ಜಿನ ಹಿಂದೆ, ಒಣಗಿದ ಬೆಡ್‌ಶೀಟಿನ ರಾಶಿಯ ಪಕ್ಕ ಕುಳಿತಿದ್ದಳು. ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಅಲ್ಲಿಗೆ ಬಂದವರೆಲ್ಲ ಅವಳನ್ನು 'ಹ್ವಾಯ್' ಎಂದೇ ಕರೆದದ್ದು. ಅವಳು ಪುಸ್ತಕ ಮುಚ್ಚಿ ಎದೆಗೊತ್ತಿಕೊಂಡಳು. ಇದನ್ನು ಪೂರ್ತಿ ಓದಿಯೇ ಸೈ ಎಂದು ನಿಶ್ಚಯಿಸಿದ್ದು ಆಗಲೇ.

ದಿನಕ್ಕೆ ಅರ್ಧ ಪುಟ ಓದುತ್ತಿದ್ದವಳು ಎರಡಕ್ಕೆ, ಆಮೇಲೆ ಎಂಟಕ್ಕೆ ಬಂದಳು. ತಮ್ಮ ಪ್ರವೀಣ್ ನಗುತ್ತಿದ್ದ. "ಅಕ್ಕಂಗೆ ರೆಕ್ಕಿ ಇದ್ದ್ ಗಂಡೇ ಬೇಕಂಬ್ರ್!" ಅವಳು ತಲೆಯೆತ್ತುತ್ತಿರಲಿಲ್ಲ.

ಮಳೆಗಾಲ ಕಳೆದ ಒಂದು ಮಂಗಳವಾರ ರಾಜೇಂದ್ರ ಅವಳನ್ನು ಕರೆದ. "ಆ ಪುಸ್ತಕದವ್ರ್ ಈಗ ಫೋನ್ ಮಾಡಿದ್ರ್ ಕಾಣ್. ಬ್ರಹ್ಮಾವರದವ್ರ್. ಮಗ್ಳಿಗೆ ಬೇಕಂಬ್ರ್. ಇತ್ತ್ ಅಂದೆ. ಶುಕ್ರವಾರ ಬಸ್ಸಲ್ ಕೊಟ್ಟ್ ಕಳ್ಸುವ."

ವಿನಯಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೂ ತೊಂಬತ್ತು ಪುಟ ಉಳಿದಿತ್ತು. ಅದಕ್ಕಿಂತ ಹೆಚ್ಚಾಗಿ, ಬೇರೆಯವರ ಪುಸ್ತಕದ ತುಂಬ ತನ್ನ ಪೆನ್ಸಿಲ್ ಬರಹ! ಮನೆಗೆ ಹೋಗಿ ರಬ್ಬರ್ ಹಿಡಿದಳು. ಒಂದು ಪುಟ ಉಜ್ಜುವಷ್ಟರಲ್ಲಿ ಕಾಗದ ಮಾಸಿತು, ಮನಸ್ಸೂ ಕೆಟ್ಟಿತು. ರಬ್ಬರ್ ಬದಿಗಿಟ್ಟು, ಅಳಿಸುವ ಹೊತ್ತಿನಲ್ಲಿ ಓದುವುದೇ ಲೇಸೆಂದು ಮುಂದಿನ ಪುಟ ತೆರೆದಳು.

ಮರುದಿನ ರಾಜೇಂದ್ರನಿಗೆ ಹೇಳಿದಳು, "ಶುಕ್ರವಾರ ನಂಗ್ ರಜೆ ಬೇಕ್. ನಾನೇ ಹೋಯ್ ಕೊಟ್ ಬತ್ತೆ."

ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಓದಿದಳು. ತಲ್ಲೂರು ದಾಟಿದ್ದು ಗೊತ್ತಾಗಲಿಲ್ಲ. ಕುಂದಾಪುರದಲ್ಲಿ ಬಸ್ ಬದಲಿಸಿ ಮತ್ತೆ ಓದಿದಳು. ಬ್ರಹ್ಮಾವರದಲ್ಲಿ ಇಳಿದಾಗ ಮೂವತ್ತೊಂದು ಪುಟ ಬಾಕಿ. ಮಾರ್ವಾಳ ಏಳು ವರ್ಷ ಅಲ್ಲಿಗೆ ಮುಗಿದಿತ್ತು. ಅರಮನೆಯ ಬಾಗಿಲು ತೆರೆದಿತ್ತು. ಹೋಗುವಳೋ ಉಳಿಯುವಳೋ ತಿಳಿಯದು.

ಮನೆಯ ಬಾಗಿಲು ತೆರೆದವಳು ಅನಿಷಾ, ಡಿಗ್ರಿ ಓದುವ ಹುಡುಗಿ. ಜಗಲಿಯಲ್ಲಿ ಅವಳ ಅಜ್ಜಿ ಸರಸಮ್ಮ ಮಲ್ಲಿಗೆ ಕಟ್ಟುತ್ತಿದ್ದರು. ವಿನಯಾ ಪುಸ್ತಕವನ್ನು ಚಾಚಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಪುಸ್ತಕ ನಿಮ್ದೇ. ಆದ್ರೆ ನಾನ್ ಇದ್ರಲ್ ಬರ್ದಿದೆ, ಸುರುವಿಂದ ಓದಿದ್ದಲ್ಲಿವರಿಗೂ. ನಂದ್ ತಪ್ಪೇ. ಹೊಸ್ತ್ ಬೇಕಂದ್ರೆ ತಂದ್ ಕೊಡ್ತೆ. ಇನ್ನೊಂದ್ ಮಾತ್. ಮೂವತ್ತೊಂದ್ ಪುಟ ಉಳ್ದಿತ್ತ್. ಇಲ್ಲೇ ಕೂಕಂಡ್ ಓದಿ ಕೊಟ್ರೆ ಆಗ್ದಾ?"

ಅನಿಷಾ ತಬ್ಬಿಬ್ಬಾಗಿ ಪುಸ್ತಕ ಇಸಿದುಕೊಂಡು ಪುಟ ತಿರುವಿದಳು. ಸಾಲುಸಾಲಿನ ಮೇಲೆ ಸಣ್ಣ ಕನ್ನಡ ಅಕ್ಷರ. ಒಂದು ಕಡೆ 'ಮೋಸ ಮಾಡ್ತಾ ಇದ್ದಾನಾ?', ಇನ್ನೊಂದು ಕಡೆ 'ಇಲ್ಲ, ಪಾಪ' ಎಂದಿತ್ತು.

"ಇಷ್ಟೂ ಓದಿದ್ರಾ?" ಎಂದಳು. "ನಾನ್ ಅರವತ್ತ್ ಪುಟಕ್ಕೇ ಬಿಟ್ಟಿದ್ದೆ. ಈಗ ಫ್ರೆಂಡ್ಸ್ ಎಲ್ಲ ಇದ್ರ್ ಮಾತೇ ಆಡ್ತ್ರ್ ಅಂತ ಲಾಡ್ಜಿಗ್ ಫೋನ್ ಮಾಡಿ ಕೇಳಿಸ್ದೆ." ಪುಸ್ತಕ ಹಿಂದೆ ಕೊಟ್ಟಳು. "ಕೂಕಣಿ."

ವಿನಯಾ ಜಗಲಿಯ ಕಂಬಕ್ಕೊರಗಿ ಓದಿದಳು. ಸರಸಮ್ಮ ತರಿಸಿಕೊಟ್ಟ ಚಾ ಆರಿ ತಣ್ಣಗಾಯಿತು. ಒಂದೂಮುಕ್ಕಾಲು ಗಂಟೆಯಲ್ಲಿ ಶಬ್ದದ ಅರ್ಥಕ್ಕೆಂದು ಮೂರು ಸಲ ಮಾತ್ರ ಫೋನು ನೋಡಿದಳು. ಕೊನೆಯ ಪುಟ ಮುಗಿಸಿದಾಗ ಕಣ್ಣು ತುಂಬಿತ್ತು.

"ಎಂತಾಯ್ತ್ ಮಗಾ?" ಸರಸಮ್ಮ ಗಾಬರಿಯಾದರು.

"ಅವ್ಳ್ ಹೊರಗ್ ಹೋಪುಕ್ ಹೊರ್ಟ್ಳ್. ಅವ ಬೇಡ ಅನ್ನಲಿಲ್ಲ. 'ನೀನ್ ಹೋರೆ ನಂಗ್ ಬೇಜಾರಾತ್ತ್' ಅಂದ, ಅಷ್ಟೇ."

"ಯಾರ್ ಹೋಪುದ್? ಎಲ್ಲಿಗ್? ಸಮಾ ಹೇಳ್ ಕಾಂಬ!"

ವಿನಯಾ ಮೊದಲಿನಿಂದ ಹೇಳತೊಡಗಿದಳು. ಉಪ್ಪಿನ ಗದ್ದೆ, ಹೂ, ಒದ್ದೆ ಬಟ್ಟೆ, ಮೆಟ್ಟಿಲು, ಎಲ್ಲವೂ ಕುಂದಾಪ್ರ ಕನ್ನಡದಲ್ಲಿ. ಅನಿಷಾ ಗಲ್ಲಕ್ಕೆ ಕೈಕೊಟ್ಟು ಕುಳಿತಳು. ಸರಸಮ್ಮನ ಕೈಯಲ್ಲಿ ದಾರ ನಿಂತೇ ಹೋಯಿತು. ಹೆಸರು ಕೇಳುವ ಭಾಗ ಬಂದಾಗ ಸರಸಮ್ಮ, "ಅವ ಒಳ್ಳೆಯವ" ಎಂದು ತೀರ್ಪು ಕೊಟ್ಟರು. ಊಟಕ್ಕೆ ಎಬ್ಬಿಸಿದವರೂ ಅವರೇ; ಊಟ ಮುಗಿಯುವವರೆಗೆ ಕಾಯದೆ ಕಥೆ ಮುಂದುವರಿಸೆಂದವರೂ ಅವರೇ.

ಹೊರಡುವಾಗ ಅನಿಷಾ ಹೇಳಿದಳು, "ಎರಡನೇ ಭಾಗ ಬಂದಿತ್ತ್, ಗೊತ್ತಿತ್ತಾ? ಇದಕ್ಕಿಂತ ದಪ್ಪ. ನಾನ್ ತರಿಸ್ತೆ. ಮೊದ್ಲ್ ನೀವ್ ಓದಿ. ಮತ್ತೆ ಇಲ್ಲಿಗ್ ಬಂದ್ ಹೇಳ್ಕ್."

ವಿನಯಾ ಯೋಚಿಸಿದಳು. "ಬತ್ತೆ. ಆದ್ರೆ ನೀವೂ ಓದ್ಕ್. ನಾನ್ ಹೇಳಿದ್ದ್ ಸಮಾ ಇತ್ತಾ ಕಾಣುಕ್ ಒಬ್ರ್ ಬೇಕಲ್ದಾ?"

ಶನಿವಾರ ಕೆಲಸಕ್ಕೆ ಬಂದವಳೇ ರಾಜೇಂದ್ರನ ಮೇಜಿನ ಮುಂದೆ ನಿಂತಳು. ಮಧ್ಯಾಹ್ನ ಎರಡರಿಂದ ಮೂರರವರೆಗೆ ತನ್ನನ್ನು ಯಾರೂ ಕರೆಯಬಾರದು, ಬೇಕಾದರೆ ಬೆಳಿಗ್ಗೆ ಒಂದು ಗಂಟೆ ಮುಂಚೆ ಬರುತ್ತೇನೆ ಎಂದಳು.

"ಎಂತಕ್ಕೆ?" ಎಂದ ರಾಜೇಂದ್ರ.

"ಓದುಕೆ," ಎಂದು ಬಕೆಟ್ ಎತ್ತಿಕೊಂಡು ಮಾಳಿಗೆ ಹತ್ತಿದಳು.