ಮೆಷಿನ್ನಿಗೆ ಬಿಟ್ಟುಕೊಟ್ಟ ಕೋಣೆ

ಹೊಸ ಡಿಜಿಟಲ್ ಪ್ರಿಂಟಿಂಗ್ ಮೆಷಿನ್ ಬಂದ ದಿನ ಕಂಪನಿಯ ಎಂಜಿನಿಯರ್ ಮನೆಯ ಒಂದೊಂದು ಕೋಣೆಯ ನೆಲಕ್ಕೂ ರಸಮಟ್ಟ ಇಟ್ಟು ನೋಡಿದ. ಅವನ ಮನಸ್ಸಿಗೆ ಬಂದದ್ದು ಒಂದೇ ಕೋಣೆ. ನೆಲ ಸಮ, ಬಿಸಿಲು ಬೀಳದು, ಧೂಳಿಲ್ಲ. ಅದು ಅತ್ತೆಯ ಕೋಣೆ. ಇಪ್ಪತ್ತು ವರ್ಷದಿಂದ ಅಲ್ಲೇ ಮಲಗುತ್ತಿದ್ದ ಅತ್ತೆ ಮಂಚದ ಸಮೇತ ಮುಂದಿನ ಹಜಾರಕ್ಕೆ, ಕಾದ ತಗಡಿನ ಕೆಳಗೆ ಬಂದರು. ಮೆಷಿನ್ನಿಗೆ ಎಸಿ ಹಾಕಿಸಿದರು. ಆ ಮನೆಯಲ್ಲಿ ಮನುಷ್ಯರಿಗೆ ಅಂಥ ಭಾಗ್ಯ ಇರಲಿಲ್ಲ ಬಿಡಿ.

"ನಾಲ್ಕು ದಿನ ಅಡ್ಜಸ್ಟ್ ಮಾಡ್ಕೊಳಮ್ಮ," ಅಂದಿದ್ದ ಮಗ. ನಾಲ್ಕು ತಿಂಗಳಾಯಿತು. ಅವನು ಅಚ್ಚಿನ ಕೆಲಸ ಹಿಡಿದು ತರಲು ಊರೆಲ್ಲ ಸುತ್ತುತ್ತಿದ್ದ. ಮೆಷಿನ್ ನಡೆಸುವುದು ಸೊಸೆಯ ತಲೆಗೆ ಬಿತ್ತು. ಬೆಳಿಗ್ಗೆ ಎದ್ದು ಬಣ್ಣ ಪರೀಕ್ಷೆಯ ಹಾಳೆ ತೆಗೆಯಬೇಕು, ಎರಡೂ ಬದಿಯ ಅಚ್ಚು ಸರಿಯಾಗಿ ಕೂತಿದೆಯೇ ಎಂದು ಬೆಳಕಿಗೆ ಹಿಡಿಯಬೇಕು, ನಾಳೆಯ ಕಾಗದವನ್ನು ಇವತ್ತೇ ತಂದು ಕೋಣೆಯ ತಂಪಿಗೆ ಒಗ್ಗಿಸಬೇಕು. ಹೆತ್ತ ಮಗುವಿಗೂ ಅವಳು ಇಷ್ಟು ಉಪಚಾರ ಮಾಡಿರಲಿಲ್ಲ. ಸೊಂಟ ಬಿದ್ದುಹೋಗಿತ್ತು.

ಅತ್ತೆಗೆ ಮೊದಲಿಂದಲೂ ಉಬ್ಬಸ. ಸೆಕೆಗೆ ಅದು ಹೆಚ್ಚಿತು. ಒಂದು ಮಧ್ಯಾಹ್ನ ಮುದುಕಿಯ ಏದುಸಿರು ನೋಡಲಾರದೆ ಸೊಸೆ ಕೈಹಿಡಿದು ಒಳಗೆ ಕರೆತಂದಳು. ಕಾಗದದ ಕಟ್ಟುಗಳ ಪಕ್ಕ ಕುರ್ಚಿ ಹಾಕಿ, ನೀರು ಕುದಿಸಿ, ಹಬೆ ಕೊಟ್ಟಳು. ಅತ್ತೆ ಕೂತಲ್ಲೇ ನಿದ್ದೆ ಹೋದರು. ಅಷ್ಟೂ ತಿಂಗಳಲ್ಲಿ ಸೊಸೆಗೆ ನೆಮ್ಮದಿ ಅನ್ನಿಸಿದ್ದು ಆ ಒಂದು ಗಂಟೆ. ಮರುದಿನವೂ ಕರೆತಂದಳು, ಅದರ ಮರುದಿನವೂ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾನೆ, ಬೇಡ ಅಂದಮೇಲೆ ಮಾಡಿದರೆ ಜಗಳ. ಜಗಳಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ.

ಹನ್ನೊಂದನೆಯ ದಿನ ಶಾಲೆಯ ಪುಸ್ತಕಗಳ ದೊಡ್ಡ ಕೆಲಸ ಶುರುವಾಯಿತು. ಹಾಳೆಗಳು ಒಂದಕ್ಕೊಂದು ಅಂಟಿ ಮೆಷಿನ್ನಿನೊಳಗೆ ಸಿಕ್ಕಿಕೊಂಡವು, ಚಿತ್ರಗಳಲ್ಲಿ ಮಚ್ಚೆ ಎದ್ದವು. ಎಂಜಿನಿಯರ್ ಬಂದು ಎಲ್ಲ ಬಿಚ್ಚಿ ನೋಡಿದ. ಏನೂ ಕೆಟ್ಟಿರಲಿಲ್ಲ. ಕೊನೆಗೆ ಒಂದು ಕಟ್ಟು ಕಾಗದ ಎತ್ತಿ ಅಂಚು ಸವರಿದ.

"ತೇವ ಕುಡಿದಿದೆ. ಇಲ್ಲಿ ಯಾರಾದ್ರೂ ನೀರು ಕಾಯಿಸ್ತೀರಾ?"

ಗಂಡ ಹೆಂಡತಿಯ ಮುಖ ನೋಡಿದ. ಅವಳು ಬಾಯಿ ತೆರೆಯುವ ಮೊದಲೇ ಹಜಾರದಿಂದ ಅತ್ತೆಯ ದನಿ ಬಂತು. "ನಂಗೆ ಹಬೆ ಬೇಕಿತ್ತಪ್ಪ. ಅವಳು ಬೇಡ ಅಂದ್ಲು, ನಾನೇ ಹಠ ಮಾಡ್ದೆ."

ಮಗ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಬೇರೆ ಕಾಗದ ತರಲು ಹೋದ.

"ಹಬೆ ಹೊರಗೆ ತಗೊಳ್ಳಿ ಅತ್ತೆ, ಒಳಗೆ ಬಂದು ಸುಮ್ನೆ ಕೂತ್ಕೊಳ್ಳಿ," ಅಂದಳು ಸೊಸೆ. "ಅದ್ರಿಂದ ಏನೂ ಆಗಲ್ಲ."

"ಬೇಡಮ್ಮ. ನನ್ನ ಉಸಿರಿಗೂ ಕಾಗದ ಒದ್ದೆ ಆದೀತು. ಬಾಗಿಲು ಹಾಕ್ಕೊಂಡು ಕೆಲಸ ನೋಡು."

ಎರಡು ದಿನ ಮೆಷಿನ್ ಗಡಗಡ ಸದ್ದು ಮಾಡುತ್ತ ಓಡಿತು. ಕಾಗದ ತುಂಬಲು ನಿಲ್ಲಿಸಿದಾಗ ಹಜಾರದಿಂದ ಕೆಮ್ಮಿನ ಸದ್ದೇ ಇರುತ್ತಿರಲಿಲ್ಲ. ಅತ್ತೆಗೆ ಕೆಮ್ಮು ಕಡಿಮೆಯಾಗಿದೆ ಎಂದು ಸೊಸೆ ಗಂಡನಿಗೂ ಹೇಳಿದಳು. ಹೇಳಿ ತಾನೂ ನಂಬಿದಳು.

ಮೂರನೆಯ ಮಧ್ಯಾಹ್ನ ಹಾಳೆಯೊಂದು ಸಿಕ್ಕಿ ಮೆಷಿನ್ ತಟ್ಟನೆ ನಿಂತಿತು. ಬಾಗಿಲಾಚೆ ಜೋರು ಕೆಮ್ಮು ಕೇಳಿಸಿತು, ಅರ್ಧಕ್ಕೇ ತುಂಡಾಯಿತು. ಬಾಗಿಲು ಸರಿಸಿ ನೋಡಿದರೆ ಅತ್ತೆ ಬಾಯಿಗೆ ಟವೆಲ್ ಒತ್ತಿ ಹಿಡಿದಿದ್ದರು. ಮುಖ ಕೆಂಪಾಗಿತ್ತು, ಭುಜ ಅದುರುತ್ತಿತ್ತು. ಕೆಮ್ಮು ಮುಚ್ಚಿಹೋಗುವಂತೆ ಮೆಷಿನ್ನಿನ ಸದ್ದು ಮತ್ತೆ ಶುರುವಾಗಲೆಂದು ಕಾಯುತ್ತಿದ್ದರು. ಸೊಸೆ ಹತ್ತಿರ ಹೋಗಿ ಕೈಹಿಡಿದು ಎಬ್ಬಿಸಲು ನೋಡಿದಳು. ಅತ್ತೆ ಕೈ ಬಿಡಿಸಿಕೊಂಡು, ಹೋಗು ಎಂದು ಬಾಗಿಲ ಕಡೆ ತೋರಿಸಿದರು. ಸೊಸೆಗೆ ಅವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ.

ನಾಲ್ಕು ಗಂಟೆಗೆ ಕೊನೆಯ ಪುಸ್ತಕವೂ ಮುಗಿಯಿತು. ಮೆಷಿನ್ ಆರಿಸಲು ಹೋದವಳು ಹಾಗೇ ನಿಂತಳು. ಆಮೇಲೆ ಖಾಲಿ ಹಾಳೆಗಳನ್ನು ತುಂಬಿ, ಏನನ್ನೂ ಅಚ್ಚು ಹಾಕದೆ ಓಡಿಸಿದಳು. ಬಾಗಿಲ ಸಂದಿಯಿಂದ ನೋಡಿದರೆ, ಆ ಸದ್ದಿನಲ್ಲಿ ಅತ್ತೆ ಬಾಯಿಬಿಟ್ಟು ಕೆಮ್ಮತೊಡಗಿದ್ದರು. ಅವರು ಕೆಮ್ಮಿ ಮುಗಿಸುವವರೆಗೂ ಸೊಸೆ ಕಾಗದ ತುಂಬುತ್ತಲೇ ಇದ್ದಳು.